‘ಎಕ್ಕ’ ಎಂಬ ಹೆಸರಿನ ಚರಿತ್ರೆ

ಮಾಘ ಶುಕ್ಲ ಸಪ್ತಮಿಯಂದು, ಎಂದರೆ ರಥಸಪ್ತಮಿಯ ಪ್ರಾತಃಕಾಲದಲ್ಲಿ, ಆಸ್ತಿಕರು ತಲೆಯ ಮೇಲೆಯೂ ಭುಜಗಳ ಮೇಲೆಯೂ ಎಕ್ಕದ ಎಲೆಗಳನ್ನಿಟ್ಟುಕೊಂಡು ಸ್ನಾನಮಾಡುವರು. ಅದೇ ಮನೆಯಲ್ಲಿ ಯಾರಿಗಾದರೂ ಕೋಪ ಬಂದರೆ ‘ಎಕ್ಕುಟ್ಟಿ ಹೋಗ’ ಎಂಬ ಮಾತು ಹೊರಡುವುದೂ ಉಂಟು. ಒಂದೇ ಗಿಡದ ಹೆಸರು ಪುಣ್ಯಸ್ನಾನಕ್ಕೂ ಸಲ್ಲುವುದು, ಶಾಪಕ್ಕೂ ಸಲ್ಲುವುದು. ಈ ವೈಷಮ್ಯಕ್ಕೆ ಕಾರಣವು ವಿಚಾರಯೋಗ್ಯವಾದುದು.

ಎಕ್ಕವು ಸಂಸ್ಕೃತದ ‘ಅರ್ಕ’ ಶಬ್ದದ ತದ್ಭವವೆಂಬುದು ರೂಢವಾದ ಮತ. ತಮಿಳಿನ ‘ಎರುಕ್ಕು’, ಮಲೆಯಾಳದ ‘ಎರಿಕ್ಕು’ಗಳೊಡನೆ ಹೋಲಿಸಿ ಇದನ್ನು ದ್ರಾವಿಡ ಮೂಲದ್ದೆಂದು ಹೇಳುವ ಪಕ್ಷವೂ ಇದೆ. ಅರ್ಕವೆಂದರೆ ಸೂರ್ಯ, ಅಮರಕೋಶದ ಪ್ರಕಾರ ಸ್ಫಟಿಕವೂ ಅರ್ಕವೇ. ನವಗ್ರಹ ಹೋಮದಲ್ಲಿ ಸೂರ್ಯನಿಗೆ ಎಕ್ಕದ ಸಮಿತ್ತು ವಿಹಿತವಾಗಿರುವುದು. ಶತಪಥ ಬ್ರಾಹ್ಮಣದಲ್ಲಿ ಶತರುದ್ರೀಯದ ಆಹುತಿಯನ್ನು ಅರ್ಕಪತ್ರದಿಂದ ಕೊಡಬೇಕೆಂಬ ವಿಧಿಯಿದೆ. ಅಮರನು ಈ ಗಿಡಕ್ಕೆ ‘ಮಂದಾರ’ವೆಂಬ ಹೆಸರನ್ನೂ ಹೇಳಿರುವನು. ದೇವಲೋಕದ ಐದು ವೃಕ್ಷಗಳಲ್ಲೊಂದರ ಹೆಸರು ತಿಪ್ಪೆಯ ಬಳಿ ಬೆಳೆಯುವ ಈ ಗಿಡಕ್ಕೂ ಬಂದಿತು. ಬಿಳಿಯ ಎಕ್ಕಕ್ಕೆ ‘ಅಲರ್ಕ’ವೆಂದು ಹೆಸರು, ಅದೇ ಶಬ್ದಕ್ಕೆ ಹುಚ್ಚುನಾಯಿ ಎಂಬ ಅರ್ಥವೂ ಇದೆ. ಆ ಬಿಳಿಯ ಎಕ್ಕದ ಬೇರಿನಲ್ಲಿಯೇ ಜನರು ಗಣಪತಿಯನ್ನು ಕಾಣುವರು.

ಕನ್ನಡದಲ್ಲಿ ಇದಕ್ಕೆ ಸಂಬಂಧವಿಲ್ಲದ ಬೇರೆ ‘ಎಕ್ಕ’ಗಳೂ ಉಂಟು. ಒಂಟಿ ಎಳೆಯ ಹಾರವಾದ ‘ಎಕ್ಕಸರ’ವೂ, ಇಸ್ಪೀಟಿನ ಎಕ್ಕವೂ ‘ಏಕ’ ಶಬ್ದದಿಂದ ಬಂದವು. ಇವು ಕಿವಿಗೆ ಒಂದೇ ಆದರೂ ಕುಲದಲ್ಲಿ ಬೇರೆ.

ಇನ್ನು ಶಾಪದ ಮಾತು. ‘ಎಕ್ಕ ಹುಟ್ಟಿ ಹೋಗಲಿ’ ಎಂಬುದೇ ಹಳೆಯ ಮೈಸೂರು ಸೀಮೆಯ ಆಡುನುಡಿಯಲ್ಲಿ ಹಕಾರವನ್ನು ಕಳೆದುಕೊಂಡು ‘ಎಕ್ಕುಟ್ಟಿ ಹೋಗ’ ಎಂದಾಯಿತು. ಎಕ್ಕದ ಬೀಜಕ್ಕೆ ರೇಷ್ಮೆಯಂತಹ ಕುಚ್ಚಿರುವುದರಿಂದ ಅದು ಗಾಳಿಯಲ್ಲಿ ತೇಲಿ ಬಂದು ಗೋಡೆಯ ಬಿರುಕಿನಲ್ಲಿಯೂ ಮೊಳೆಯುವುದು. ಹಾಲು ವಿಷವಾದುದರಿಂದ ದನಕರುಗಳು ಸಾಮಾನ್ಯವಾಗಿ ಬಾಯಿಡವು. ಹಸಿವು ತಾಳಲಾರದೆ ಅರ್ಕಪತ್ರವನ್ನು ತಿಂದ ಉಪಮನ್ಯು ಕುರುಡನಾಗಿ ಬಾವಿಗೆ ಬಿದ್ದ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಮಳೆಯಿಲ್ಲದ ನೆಲದಲ್ಲಿಯೂ ಬಾಡದೆ ನಿಲ್ಲುವ ಗಿಡವಿದು. ಜನರಿರುವ ಮನೆಯಲ್ಲಿ ಇದು ಮೊಳೆತರೆ ಮರುದಿನವೇ ಯಾರಾದರೂ ಕಿತ್ತೆಸೆಯುವರು. ಒಲೆಯ ಬಳಿ ಎಕ್ಕ ಬೆಳೆದು ಹೂಬಿಟ್ಟಿತೆಂದರೆ, ಅದನ್ನು ಕೀಳಲು ಆ ಮನೆಯಲ್ಲಿ ಒಂದು ಕೈಯೂ ಉಳಿದಿಲ್ಲವೆಂದರ್ಥ. ಆದುದರಿಂದ ಇದು ಒಬ್ಬನ ಸಾವನ್ನು ಬಯಸುವ ಶಾಪವಲ್ಲ, ವಂಶನಾಶವನ್ನೇ ಬಯಸುವ ಶಾಪ.

ಈ ನಾಡಿನಲ್ಲಿ ಅಂತಹ ದೃಶ್ಯವು ಬರಿಯ ಕಲ್ಪನೆಯಾಗಿರಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಜನರಿಲ್ಲದ ಊರನ್ನು ಕಂದಾಯದ ಕಡತಗಳು ‘ಬೇಚರಾಕ್’ ಗ್ರಾಮವೆನ್ನುವವು. ಪಾರಸಿಯಿಂದ ಬಂದ ಈ ಶಬ್ದಕ್ಕೆ ದೀಪವಿಲ್ಲದುದು ಎಂದು ಅರ್ಥ. ಕಚೇರಿಯ ಕರಣಿಕನು ದೀಪವಾರಿದುದನ್ನು ಬರೆದನು. ಹಳ್ಳಿಯವರು ಎಕ್ಕ ಹುಟ್ಟಿದುದನ್ನು ಹೇಳಿದರು. ಎರಡರ ತಾತ್ಪರ್ಯವೂ ಒಂದೇ.

ಪೂಜೆಗೂ ಶಾಪಕ್ಕೂ ನಡುವೆ ನಿಂತಿರುವುದು ಅರ್ಕವಿವಾಹ. ಮೂರನೆಯ ಮದುವೆ ಅಶುಭವೆಂದು ನಂಬಿ, ಎರಡು ಸಲ ಹೆಂಡತಿಯನ್ನು ಕಳೆದುಕೊಂಡವನಿಗೆ ಮೊದಲು ಎಕ್ಕದ ಗಿಡದೊಡನೆ ಮದುವೆ ಮಾಡಿಸುತ್ತಿದ್ದರು. ಬರಲಿರುವ ವಧುವಿನ ಕೇಡನ್ನು ಗಿಡವು ಹೊರುವುದೆಂಬುದು ಅದರ ಆಶಯ. ಹಾಳನ್ನು ಬಲ್ಲ ಗಿಡವೇ ಹಾಳನ್ನು ತಡೆಯಬೇಕೆಂದು ಜನರು ಎಣಿಸಿದರು.

ಈಗ ಈ ಶಾಪವು ಬಹಳ ಸವೆದಿದೆ. ಕೆಲಸ ಕೆಟ್ಟರೂ, ಯಂತ್ರ ನಿಂತರೂ, ಸಾರಿಗೆ ಉಪ್ಪು ಹೆಚ್ಚಾದರೂ ‘ಎಕ್ಕುಟ್ಟೋಯ್ತು’ ಎಂದು ಪಟ್ಟಣದ ಹುಡುಗರು ನಗುನಗುತ್ತ ಹೇಳುವರು. ಅವರಲ್ಲಿ ಅನೇಕರಿಗೆ ಆ ಮಾತಿನೊಳಗೆ ಒಂದು ಗಿಡವಿದೆಯೆಂಬುದೇ ತಿಳಿಯದು. ಇದಕ್ಕಾಗಿ ವ್ಯಥೆಪಡಬೇಕಾಗಿಲ್ಲ; ಶಾಪವು ಹಾಸ್ಯವಾದುದು ಒಳ್ಳೆಯದೇ. ಆದರೆ ದೀಪವಾರಿದ ಮನೆಗಳ ಪೈಕಿ ಎಷ್ಟೋ ಮನೆಗಳಿಗೆ ಶಾಸನವಿಲ್ಲ, ವೀರಗಲ್ಲಿಲ್ಲ. ಅವುಗಳ ನೆನಪನ್ನು ಈ ಒಂದು ಬೈಗುಳವು ಕಾಪಾಡಿಕೊಂಡು ಬಂದಿದೆ.