ಕಾರ್ಬನ್ ಹಾರ್ಡ್‌ಟೇಲ್ ಸೈಕಲ್: ಜೋಡಣೆ ಮತ್ತು ಸೂಕ್ಷ್ಮ ಹೊಂದಾಣಿಕೆ

ಕಾರ್ಬನ್ ಚೌಕಟ್ಟಿನ ಮೌಂಟನ್ ಬೈಕ್‌ನ ಬೆಲೆ ಸಾಮಾನ್ಯವಾಗಿ ಲಕ್ಷ ರೂಪಾಯಿಯನ್ನು ಮೀರುತ್ತದೆ. ಅದನ್ನು ಕೆಡಿಸಲು ಮಾತ್ರ ಒಂದು ಅಲೆನ್ ಕೀ ಹಾಗೂ ತುಸು ಹೆಚ್ಚಿನ ತೋಳ್ಬಲ ಸಾಕು. ಉಕ್ಕಿನ ಸೈಕಲ್‌ಗಳ ಕಾಲದಿಂದ ಬಂದಿರುವ 'ಸಡಿಲವಾದರೆ ಇನ್ನೊಂದು ಸುತ್ತು ಬಿಗಿ ಮಾಡು' ಎಂಬ ವಾಡಿಕೆ ಈ ವಸ್ತುವಿಗೆ ಒಗ್ಗುವುದಿಲ್ಲ. ಅತಿಯಾಗಿ ಬಿಗಿಗೊಂಡ ಹ್ಯಾಂಡಲ್ ಅಂಗಡಿಯಲ್ಲಿಯೇ ಮುರಿಯುತ್ತದೆಂದು ಹೇಳಲಾಗದು. ಎಷ್ಟೋ ದಿನಗಳ ನಂತರ, ಇಳಿಜಾರಿನ ಕಲ್ಲುಹಾದಿಯಲ್ಲಿ, ಸವಾರನ ಪೂರ್ಣ ಭಾರ ಅದರ ಮೇಲೆ ಬಿದ್ದಾಗ ಅದು ಕೈಕೊಡಬಹುದು. ಆದ್ದರಿಂದ ಇಂತಹ ಸೈಕಲ್‌ನ ಜೋಡಣೆಯಲ್ಲಿ ಕೈ ಅಂದಾಜಿಗಿಂತ ಅಳತೆಗೆ ಹೆಚ್ಚಿನ ಬೆಲೆ.

ಮುಂದಿನ ಫೋರ್ಕ್‌ನಲ್ಲಿ ಮಾತ್ರ ಸಸ್ಪೆನ್ಷನ್ ಇದ್ದು, ಹಿಂಬದಿ ಚೌಕಟ್ಟು ಯಾವ ಕೀಲೂ ಇಲ್ಲದೆ ಗಟ್ಟಿಯಾಗಿರುವ ಸೈಕಲ್‌ಗೆ ಹಾರ್ಡ್‌ಟೇಲ್ ಎಂದು ಹೆಸರು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದ ಗುಡ್ಡಗಳಲ್ಲಿ ಹುಟ್ಟಿದ ಮೌಂಟನ್ ಬೈಕಿಂಗ್, 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್‌ನಲ್ಲಿ ಚಿನ್ನ ಗೆದ್ದರು. ಹಾರ್ಡ್‌ಟೇಲ್ ಏರಿದ್ದ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಕೂದಲೆಳೆಯ ಅಂತರದಲ್ಲಿ ಎರಡನೆಯವರಾದರು. ಉನ್ನತ ಸ್ಪರ್ಧೆಗಳಲ್ಲಿ ಹಾರ್ಡ್‌ಟೇಲ್‌ನ ಬಳಕೆ ಆನಂತರ ಕಡಿಮೆಯಾಗುತ್ತ ಬಂದಿದೆ. ಆದರೆ ಕೆಮ್ಮಣ್ಣಿನ ಧೂಳು ಹಾಗೂ ಮಲೆನಾಡಿನ ಮಳೆಯ ನಡುವೆ ಓಡಿಸುವವರಿಗೆ, ಹಿಂಬದಿಯಲ್ಲಿ ಕೆಡಬಹುದಾದ ಬೇರಿಂಗ್‌ಗಳೇ ಇಲ್ಲದ ಈ ಹಗುರ ಸೈಕಲ್ ಇಂದಿಗೂ ಸರಿಯಾದ ಆಯ್ಕೆಯೇ ಆಗಿದೆ.

ಕಾರ್ಬನ್‌ನ ಸ್ವಭಾವ

ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಇಂಗಾಲದ ಎಳೆಗಳನ್ನು ಹಾಳೆಗಳಾಗಿ ಜೋಡಿಸಿ, ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು ಶಾಖ ಹಾಗೂ ಒತ್ತಡದಿಂದ ಗಟ್ಟಿಗೊಳಿಸಿದಾಗ ಈ ಚೌಕಟ್ಟು ರೂಪುಗೊಳ್ಳುತ್ತದೆ. ಯಾವ ಭಾಗದಲ್ಲಿ ಯಾವ ದಿಕ್ಕಿನಿಂದ ಬಲ ಬೀಳುವುದೋ ಆ ದಿಕ್ಕಿಗೆ ಹೆಚ್ಚು ಎಳೆಗಳನ್ನು ಹಾಸಿರುತ್ತಾರೆ. ಸವಾರನ ಭಾರ, ಪೆಡಲ್ ತುಳಿತ, ದಾರಿಯ ಕುಲುಕಾಟ ಇವೆಲ್ಲವನ್ನೂ ಅದು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ವಿನ್ಯಾಸಕಾರರು ಲೆಕ್ಕಕ್ಕೆ ತೆಗೆದುಕೊಳ್ಳದ ದಿಕ್ಕಿನಿಂದ, ಅಂದರೆ ಪಕ್ಕದಿಂದ ಹಿಚುಕಿದರೆ ಅಥವಾ ಮೊನಚಾದ ಕಲ್ಲು ಬಡಿದರೆ, ಅದೇ ಕೊಳವೆ ದುರ್ಬಲ. ಉಕ್ಕು ಬಾಗಿ ತನ್ನ ಪೆಟ್ಟನ್ನು ತೋರಿಸುತ್ತದೆ, ಅಲ್ಯುಮಿನಿಯಂ ನೆಗ್ಗುತ್ತದೆ. ಕಾರ್ಬನ್‌ನಲ್ಲಿ ಒಳಪದರಗಳು ಬಿಟ್ಟುಕೊಂಡಿದ್ದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರಬಹುದು.

ರಿಪೇರಿ ಸ್ಟ್ಯಾಂಡಿಗೆ ಸೈಕಲ್ ಏರಿಸುವಾಗ ಮೇಲಿನ ಅಡ್ಡ ಕೊಳವೆಯನ್ನು ಹಿಡಿಕೆಯಲ್ಲಿ ಕಚ್ಚಿಸಬಾರದು ಎಂಬ ನಿಯಮದ ಹಿನ್ನೆಲೆ ಇದೇ. ಸೀಟ್ ಪೋಸ್ಟನ್ನು ಮಾತ್ರ ಹಿಡಿಸಬೇಕು. ಕಾರಿನ ಹಿಂದೆ ಕಟ್ಟುವ ಕ್ಯಾರಿಯರ್‌ಗಳಿಗೂ ಇದು ಅನ್ವಯಿಸುತ್ತದೆ. ಚೌಕಟ್ಟನ್ನು ಕಚ್ಚಿ ಹಿಡಿಯುವ ಕ್ಯಾರಿಯರ್‌ಗಿಂತ ಚಕ್ರಗಳನ್ನು ಹಿಡಿಯುವಂಥದ್ದು ಕ್ಷೇಮ.

ಬಿಗಿತದ ಲೆಕ್ಕ

ಹೊಸ ಸೈಕಲ್ ಕೊಂಡವರು ಮೊದಲು ಖರೀದಿಸಬೇಕಾದ ಉಪಕರಣ ಟಾರ್ಕ್ ವ್ರೆಂಚ್. ಬೋಲ್ಟನ್ನು ಎಷ್ಟು ಬಲದಿಂದ ತಿರುಗಿಸಲಾಗಿದೆ ಎಂಬುದನ್ನು ಅದು ನ್ಯೂಟನ್ ಮೀಟರ್ ಎಂಬ ಮಾನದಲ್ಲಿ ತೋರಿಸುತ್ತದೆ. ಹ್ಯಾಂಡಲ್ ಹಿಡಿಯುವ ಸ್ಟೆಮ್‌ನ ಸಣ್ಣ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸಿನ ಮಿತಿ ಇರುತ್ತದೆ. 10 ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಯಲ್ಲಿ ಸುಮಾರು 5 ಕಿಲೋ ತೂಕ ತೂಗಿಬಿಟ್ಟಷ್ಟೇ ಬಲ ಅದು. ಬಲಿಷ್ಠ ಕೈಯೊಂದು ತನಗರಿವಿಲ್ಲದೆಯೇ ಇದರ ಎರಡು ಪಟ್ಟು ಹಾಕಬಲ್ಲುದು. ಸೀಟ್ ಪೋಸ್ಟಿನ ಕ್ಲ್ಯಾಂಪಿಗೂ ಹೆಚ್ಚುಕಡಿಮೆ ಇಷ್ಟೇ ಸಾಕು. ಬ್ರೇಕ್ ಹಾಗೂ ಗೇರ್ ಲಿವರ್‌ಗಳ ಕ್ಲ್ಯಾಂಪುಗಳಿಗೆ ಇನ್ನೂ ಕಡಿಮೆ. ಇದಕ್ಕೆ ವ್ಯತಿರಿಕ್ತವಾಗಿ ಪೆಡಲ್‌ಗಳನ್ನು 35ರಿಂದ 40 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕಾಗುತ್ತದೆ. ಭಾಗದ ಮೇಲೆ ಮುದ್ರಿತವಾಗಿರುವ ಅಂಕಿ ಯಾವುದೋ ಅದೇ ಅಂತಿಮ.

ಸ್ಟೆಮ್‌ನ ಮುಂದಿನ ತಟ್ಟೆಯ ನಾಲ್ಕು ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಕರ್ಣದ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ತಯಾರಕರು ಬೇರೆ ರೀತಿ ಸೂಚಿಸದಿದ್ದಲ್ಲಿ ಮೇಲಿನ ಹಾಗೂ ಕೆಳಗಿನ ಸಂದುಗಳು ಸಮನಾಗಿರಬೇಕು. ಮುಂಭಾಗದ ಹೆಡ್‌ಸೆಟ್‌ನ ಕ್ರಮ ಇನ್ನೊಂದು. ಮೊದಲು ಮೇಲಿನ ಮುಚ್ಚಳದ ಬೋಲ್ಟಿನಿಂದ ಬೇರಿಂಗ್‌ನ ಸಡಿಲವನ್ನು ಹೋಗಲಾಡಿಸಿ, ಅನಂತರವೇ ಸ್ಟೆಮ್‌ನ ಪಕ್ಕದ ಬೋಲ್ಟ್‌ಗಳನ್ನು ಬಿಗಿಯಬೇಕು. ಮೇಲಿನ ಮುಚ್ಚಳವೇ ಹ್ಯಾಂಡಲನ್ನು ಹಿಡಿದಿದೆ ಎಂದು ತಿಳಿದು ಅದನ್ನೇ ಶಕ್ತಿಮೀರಿ ತಿರುಗಿಸುವವರು ಬಹಳ. ಅದರ ಕೆಲಸ ಬೇರಿಂಗನ್ನು ಹದಕ್ಕೆ ತರುವುದಷ್ಟೇ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ 'ಟಕ್' ಎಂಬ ಸದ್ದು ಇರಬಾರದು. ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲ್ ತಾನಾಗಿಯೇ ಪಕ್ಕಕ್ಕೆ ವಾಲುವಷ್ಟು ಸರಾಗವೂ ಇರಬೇಕು.

ಕಡಿಮೆ ಬಿಗಿತದಲ್ಲಿ ಸೀಟ್ ಪೋಸ್ಟ್ ಜಾರಿದರೆ ಬೋಲ್ಟನ್ನು ಇನ್ನಷ್ಟು ಬಿಗಿಯುವ ಬದಲು ಕಾರ್ಬನ್ ಪೇಸ್ಟ್ ಹಚ್ಚಬೇಕು. ಸೂಕ್ಷ್ಮ ಕಣಗಳಿರುವ ಈ ಪೇಸ್ಟ್ ಎರಡು ಮೇಲ್ಮೈಗಳ ನಡುವೆ ಘರ್ಷಣೆಯನ್ನು ಹೆಚ್ಚಿಸುವುದರಿಂದ ಕಡಿಮೆ ಬಲದಲ್ಲಿಯೇ ಹಿಡಿತ ದೊರೆಯುತ್ತದೆ. ಕಾರ್ಬನ್ ಭಾಗಗಳ ಹಿಡಿತದ ಜಾಗಕ್ಕೆ ಸಾಮಾನ್ಯ ಗ್ರೀಸ್ ಸಲ್ಲದು. ಪೋಸ್ಟ್ ಅಲ್ಯುಮಿನಿಯಂನದಾಗಿದ್ದರೆ ಇನ್ನೊಂದು ತೊಡಕುಂಟು: ಬೆವರು, ಮಳೆನೀರು ಸೇರಿದಾಗ ಕಾರ್ಬನ್ ಮತ್ತು ಅಲ್ಯುಮಿನಿಯಂ ನಡುವೆ ರಾಸಾಯನಿಕ ಸವೆತ ಉಂಟಾಗಿ ಪೋಸ್ಟ್ ಚೌಕಟ್ಟಿಗೇ ಕಚ್ಚಿಕೊಳ್ಳುತ್ತದೆ. ಮಂಗಳೂರು, ಕಾರವಾರದಂತಹ ಉಪ್ಪುಗಾಳಿಯ ಊರುಗಳಲ್ಲಿ ಕೆಲವು ತಿಂಗಳಿಗೊಮ್ಮೆ ಅದನ್ನು ಹೊರತೆಗೆದು, ಒರೆಸಿ, ಹೊಸ ಪೇಸ್ಟ್ ಹಚ್ಚಿ ಕೂರಿಸುವುದು ಅಗತ್ಯ. ಪೋಸ್ಟಿನ ಮೇಲೆ ಗುರುತಿಸಿರುವ ಕನಿಷ್ಠ ಮಿತಿಗಿಂತ ಅದನ್ನು ಮೇಲಕ್ಕೆ ಎಳೆದರೆ ಚೌಕಟ್ಟೇ ಸೀಳಬಹುದು.

ಸೀಟು ಮತ್ತು ಹ್ಯಾಂಡಲ್

ಸೀಟಿನ ಎತ್ತರಕ್ಕೆ ರಸ್ತೆ ಸೈಕಲ್ ಪಟುಗಳಿಂದ ಬಂದ ಒಂದು ಸೂತ್ರ ಬಳಕೆಯಲ್ಲಿದೆ. ಬರಿಗಾಲಿನಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗಿನ ಒಳಕಾಲಿನ ಉದ್ದವನ್ನು ಅಳೆದು 0.883ರಿಂದ ಗುಣಿಸಿದರೆ, ಕ್ರ್ಯಾಂಕ್ ತಿರುಗುವ ಅಚ್ಚಿನ (ಬಾಟಮ್ ಬ್ರ್ಯಾಕೆಟ್) ಮಧ್ಯಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂತರ ಸಿಗುತ್ತದೆ. ಒಳಕಾಲು 80 ಸೆಂ.ಮೀ. ಇದ್ದರೆ ಸೀಟು 70.6 ಸೆಂ.ಮೀ. ಇದು ಆರಂಭಬಿಂದು ಮಾತ್ರ. ಪೆಡಲ್ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕೆಂಬುದು ಇನ್ನೊಂದು ಪರೀಕ್ಷೆ. ಕಲ್ಲು, ಬೇರುಗಳ ಹಾದಿಯಲ್ಲಿ ಹೆಚ್ಚು ಓಡಿಸುವವರು ಒಂದೆರಡು ಸೆಂ.ಮೀ. ತಗ್ಗಿಸಿಕೊಳ್ಳುವುದುಂಟು.

ಅಗಲವಾದ ಹ್ಯಾಂಡಲನ್ನು ಕತ್ತರಿಸಿ ಕಿರಿದಾಗಿಸಬಹುದು, ಆದರೆ ಮತ್ತೆ ಅಗಲಿಸಲಾಗದು. ಹಿಡಿಕೆಗಳನ್ನು ಒಳಸರಿಸಿ ವಾರಗಟ್ಟಲೆ ಓಡಿಸಿ ನೋಡಿದ ನಂತರವೇ ಗರಗಸ ಹಿಡಿಯುವುದು ಲೇಸು. ಹಲ್ಲು ನಯವಾಗಿರುವ ಗರಗಸವನ್ನೇ ಬಳಸಬೇಕು. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮುಖಗವಸು ಕಡ್ಡಾಯ.

ಫೋರ್ಕ್‌ನ ಹದ

ಈ ಬಗೆಯ ಸೈಕಲ್‌ಗಳ ಫೋರ್ಕ್ 100ರಿಂದ 120 ಮಿ.ಮೀ.ನಷ್ಟು ಕುಗ್ಗುತ್ತದೆ. ಒಳಗಿರುವುದು ಉಕ್ಕಿನ ಸ್ಪ್ರಿಂಗ್ ಅಲ್ಲ, ಒತ್ತಿದ ಗಾಳಿ. ಸವಾರನ ತೂಕಕ್ಕೆ ಫೋರ್ಕ್ ನಿಂತಲ್ಲಿಯೇ ಎಷ್ಟು ಇಳಿಯಬೇಕೆಂಬುದನ್ನು 'ಸ್ಯಾಗ್' ಎನ್ನಲಾಗುತ್ತದೆ. ವೇಗದ ಗುಡ್ಡಗಾಡು ಸವಾರಿಗೆ ಒಟ್ಟು ಚಲನೆಯ ಶೇ. 15ರಿಂದ 20ರಷ್ಟು ಸ್ಯಾಗ್ ವಾಡಿಕೆ, 100 ಮಿ.ಮೀ. ಫೋರ್ಕ್‌ನಲ್ಲಿ ಇದು 15ರಿಂದ 20 ಮಿ.ಮೀ. ಹೆಲ್ಮೆಟ್, ಬೂಟು, ನೀರಿನ ಚೀಲ ಸಹಿತ ಸೈಕಲ್ ಏರಿ, ಪೆಡಲ್‌ಗಳ ಮೇಲೆ ನಿಂತು, ಫೋರ್ಕ್ ಕಾಲಿನ ಮೇಲಿರುವ ರಬ್ಬರ್ ಉಂಗುರವನ್ನು ಇನ್ನೊಬ್ಬರಿಂದ ಕೆಳಕ್ಕೆ ಸರಿಸಿಕೊಂಡು, ಕುಲುಕದಂತೆ ಮೆಲ್ಲನೆ ಇಳಿದರೆ ಉಂಗುರ ಎಷ್ಟು ಮೇಲಿದೆ ಎಂಬುದನ್ನು ಅಳೆಯಬಹುದು. ಗಾಳಿ ತುಂಬುವಾಗ ನಡುನಡುವೆ ಫೋರ್ಕನ್ನು ಹತ್ತಾರು ಬಾರಿ ಒತ್ತಬೇಕು. ಇಲ್ಲವಾದರೆ ಒಳಗಿನ ಎರಡು ಗಾಳಿಕೋಣೆಗಳ ಒತ್ತಡ ಸಮತೋಲನಕ್ಕೆ ಬಾರದೆ ಅಳತೆ ತಪ್ಪುತ್ತದೆ. ಇದಕ್ಕೆ ಬೇಕಾದುದು ಸಸ್ಪೆನ್ಷನ್‌ಗೆಂದೇ ಇರುವ ಕೈಪಂಪು. ಪೆಟ್ರೋಲ್ ಬಂಕಿನ ಗಾಳಿಯಂತ್ರ ಇಲ್ಲಿ ನಿಷಿದ್ಧ.

ಹಾರ್ಡ್‌ಟೇಲ್‌ನಲ್ಲಿ ಸ್ಯಾಗ್‌ಗೆ ವಿಶೇಷ ಮಹತ್ವವಿದೆ. ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್‌ನಲ್ಲಿ ಹಿಂದೆ ಮುಂದೆ ಎರಡೂ ಒಟ್ಟಿಗೆ ಇಳಿಯುತ್ತವೆ. ಹಾರ್ಡ್‌ಟೇಲ್‌ನಲ್ಲಿ ಮುಂಭಾಗ ಮಾತ್ರ ಇಳಿಯುತ್ತದೆ. ಫೋರ್ಕ್ 20 ಮಿ.ಮೀ. ಇಳಿದರೆ ಅದರ ಕೋನ ಸುಮಾರು ಒಂದು ಡಿಗ್ರಿಯಷ್ಟು ಕಡಿದಾಗುತ್ತದೆ, ಸೀಟಿನ ಮೂತಿಯೂ ಅಷ್ಟೇ ಕೆಳಗೆ ಬಾಗುತ್ತದೆ. ಗಾಳಿ ಕಡಿಮೆ ಇರುವ ಫೋರ್ಕ್ ಮೆತ್ತಗೆ ಹಿತವೆನಿಸಿದರೂ ಇಳಿಜಾರಿನಲ್ಲಿ ಸವಾರನನ್ನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯುವ ಅಪಾಯ ಇರುವುದು ಇದರಿಂದಲೇ.

ಕುಗ್ಗಿದ ಫೋರ್ಕ್ ಎಷ್ಟು ವೇಗವಾಗಿ ಮರಳಿ ಏಳಬೇಕೆಂಬುದನ್ನು ಕೆಳಗಿನ ಒಂದು ತಿರುಪು ನಿಯಂತ್ರಿಸುತ್ತದೆ. ಬೇಗ ಎದ್ದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ನಿಧಾನವಾದರೆ ಸಾಲು ಕಲ್ಲುಗಳ ಮೇಲೆ ಫೋರ್ಕ್ ಏಳಲು ಸಮಯ ಸಿಗದೆ ಕುಗ್ಗುತ್ತಲೇ ಹೋಗುತ್ತದೆ. ತಿರುಪನ್ನು ಒಂದೊಂದೇ 'ಕ್ಲಿಕ್' ಬದಲಿಸಿ, ಅದೇ ಹಾದಿಯ ಅದೇ ತುಣುಕಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡುವುದಕ್ಕೆ ಅಡ್ಡದಾರಿ ಇಲ್ಲ. ಒಮ್ಮೆಗೆ ಒಂದನ್ನೇ ಬದಲಿಸಬೇಕು.

ಹಿಂದಿನ ಟಯರೇ ಸಸ್ಪೆನ್ಷನ್

ಹಿಂಬದಿಯಲ್ಲಿ ನೆಲದ ಪೆಟ್ಟನ್ನು ಮುಖ್ಯವಾಗಿ ತಡೆಯುವುದು ಟಯರ್. ಟ್ಯೂಬ್ ಇಲ್ಲದ, 2.25 ಇಂಚು ಅಗಲದ 29 ಇಂಚಿನ ಟಯರ್‌ಗಳಲ್ಲಿ 70 ಕಿಲೋ ತೂಕದ ಸವಾರ ಮುಂದೆ 20-22, ಹಿಂದೆ 22-25 ಪಿ.ಎಸ್.ಐ.ನಿಂದ ಆರಂಭಿಸಬಹುದು. ಊರಿನ ಸೈಕಲ್ ಶಾಪಿನಲ್ಲಿ ಹೆಬ್ಬೆರಳಿನಿಂದ ಒತ್ತಿ 'ಸಾಕು' ಎನ್ನುವ ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಎರಡು ಪಿ.ಎಸ್.ಐ. ಹೆಚ್ಚಾದರೆ ಒದ್ದೆ ಬೇರಿನ ಮೇಲೆ ಹಿಡಿತ ತಪ್ಪುತ್ತದೆ. ಎರಡು ಕಡಿಮೆಯಾದರೆ ರಿಮ್ ಕಲ್ಲಿಗೆ ಬಡಿಯುತ್ತದೆ. ನೂರಾರು ಪಿ.ಎಸ್.ಐ.ವರೆಗೆ ತೋರಿಸುವ ಪಂಪುಗಳ ಮುಳ್ಳು ಈ ಕೆಳಮಟ್ಟದಲ್ಲಿ ನಂಬಲರ್ಹವಲ್ಲವಾದ್ದರಿಂದ ಪ್ರತ್ಯೇಕ ಡಿಜಿಟಲ್ ಗೇಜ್ ಇಟ್ಟುಕೊಳ್ಳುವುದು ಒಳಿತು.

ಟಯರಿನೊಳಗೆ ಹಾಕುವ ಸೀಲೆಂಟ್ ದ್ರವ ಸಣ್ಣ ರಂಧ್ರಗಳನ್ನು ತಾನೇ ಮುಚ್ಚುತ್ತದೆ. ಬಯಲುಸೀಮೆಯ ಹಾದಿಗಳಲ್ಲಿ ಬಳ್ಳಾರಿ ಜಾಲಿ ಹಾಗೂ ನೆಗ್ಗಿಲು ಮುಳ್ಳು ಚುಚ್ಚುವಷ್ಟು ಬೇರಾವುದೂ ಟಯರನ್ನು ಚುಚ್ಚದು. ಅಲ್ಲಿ ಈ ದ್ರವವಿಲ್ಲದೆ ಹೊರಡುವುದು ವ್ಯರ್ಥ. ಬೇಸಿಗೆಯ ಬಿಸಿಲಿನಲ್ಲಿ ಅದು ಬೇಗ ಒಣಗಿ ಉಂಡೆಗಟ್ಟುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಮರುತುಂಬಬೇಕು.

ಬ್ರೇಕ್ ಮತ್ತು ಗೇರ್

ಅಮೆರಿಕ ಹಾಗೂ ಯೂರೋಪಿನ ಬಹುಭಾಗದಲ್ಲಿ ಮುಂದಿನ ಬ್ರೇಕ್ ಎಡಗೈಗೆ ಜೋಡಣೆಯಾಗಿರುತ್ತದೆ. ನಮ್ಮಲ್ಲಿ ಮೋಟಾರ್ ಸೈಕಲ್, ಸ್ಕೂಟರ್ ಓಡಿಸುವವರ ಬಲಗೈಗೆ ಮುಂದಿನ ಬ್ರೇಕೇ ಅಭ್ಯಾಸ. ಹೊರದೇಶದಿಂದ ತಂದ ಸೈಕಲ್ ಆಗಿದ್ದಲ್ಲಿ ಮೊದಲ ಸವಾರಿಗೆ ಮುನ್ನ ಇದನ್ನು ಖಚಿತಪಡಿಸಿಕೊಂಡು ಅಗತ್ಯವಿದ್ದರೆ ಅದಲುಬದಲು ಮಾಡಿಸಬೇಕು. ಗಾಬರಿಯ ಕ್ಷಣದಲ್ಲಿ ಕೈ ಹಳೆಯ ಅಭ್ಯಾಸವನ್ನೇ ಅನುಸರಿಸುತ್ತದೆ. ಹೊಸ ಡಿಸ್ಕ್ ಬ್ರೇಕ್‌ಗಳು ಮೊದಲ ದಿನವೇ ಪೂರ್ಣ ಹಿಡಿತ ಕೊಡುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ವೇಗ ಪಡೆದು, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಮೂವತ್ತು ಬಾರಿ ಬ್ರೇಕ್ ಹಾಕಿ ಅವನ್ನು ಪಳಗಿಸಬೇಕು. ಖನಿಜ ತೈಲ ಬಳಸುವ ಬ್ರೇಕಿಗೆ ಡಾಟ್ ದ್ರವ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ, ತಿರುಗುಮುರುಗಾದರೂ ಅಷ್ಟೇ.

2016ರಿಂದೀಚೆಗೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 12 ಇರುವ ಗೇರ್ ವ್ಯವಸ್ಥೆ ರೂಢಿಗೆ ಬಂದಿದೆ. ಹಲ್ಲುಚಕ್ರಗಳ ನಡುವಣ ಅಂತರ ಕಿರಿದಾದಷ್ಟೂ ಡಿರೈಲರ್ ತೂಗುವ ಹ್ಯಾಂಗರ್ ನೇರವಾಗಿರುವುದು ಮುಖ್ಯವಾಗುತ್ತದೆ. ಗೇರ್ ಸರಿಯಾಗಿ ಬೀಳದಿದ್ದರೆ ಕೇಬಲ್ ತಿರುಪಿಗೆ ಕೈಹಾಕುವ ಮೊದಲು ಹ್ಯಾಂಗರ್ ಬಾಗಿದೆಯೇ ಎಂದು ನೋಡಬೇಕು. ಚೈನ್ ಶೇ. 0.5ರಷ್ಟು ಸವೆದೊಡನೆ ಬದಲಿಸಿದರೆ ದುಬಾರಿಯಾದ ಹಲ್ಲುಚಕ್ರಗಳು ಉಳಿಯುತ್ತವೆ.

ಬಿದ್ದ ನಂತರ

ಸವಾರ ಬಿದ್ದಲ್ಲಿ, ಅಥವಾ ನಿಲ್ಲಿಸಿದ್ದ ಸೈಕಲ್ ಕಲ್ಲಿನ ಮೇಲೆ ಉರುಳಿದಲ್ಲಿಯೂ, ಚೌಕಟ್ಟನ್ನು ತೊಳೆದು ಬೆಳಕಿನಲ್ಲಿ ಪರಿಶೀಲಿಸಬೇಕು. ಬಣ್ಣದಲ್ಲಿ ಗೆರೆ ಕಂಡಲ್ಲಿ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಸುತ್ತಲಿನ ಸ್ಪಷ್ಟ ಸದ್ದಿನ ನಡುವೆ ಒಂದೆಡೆ ಮಂದ ಸದ್ದು ಬಂದರೆ ಒಳಪದರ ಬಿಟ್ಟಿರುವ ಶಂಕೆ ಇದೆ. ಮಳೆಗಾಲದಲ್ಲಿ ಹಿಂದಿನ ಟಯರ್ ಹಾಗೂ ಚೌಕಟ್ಟಿನ ನಡುವೆ ಸಿಕ್ಕಿಕೊಳ್ಳುವ ಮರಳುಮಿಶ್ರಿತ ಕೆಸರು ಉಜ್ಜುಕಾಗದದಂತೆ ಕೆಲಸ ಮಾಡಿ ಕೊಳವೆಯನ್ನೇ ಸವೆಸುತ್ತದೆ. ಆ ಜಾಗಕ್ಕೆ ಪಾರದರ್ಶಕ ರಕ್ಷಣಾ ಪಟ್ಟಿ ಅಂಟಿಸುವುದು ಅಗ್ಗದ ಉಪಾಯ.

ಬಿರುಕು ಬಿಟ್ಟ ಚೌಕಟ್ಟನ್ನು ಪರಿಣತರು ಹಾನಿಯಾದ ಭಾಗ ಕೆರೆದು ಹೊಸ ಪದರಗಳನ್ನು ಹಾಸಿ ಸರಿಪಡಿಸಬಲ್ಲರು. ಹ್ಯಾಂಡಲ್‌ಗೆ ಈ ಅವಕಾಶವಿಲ್ಲ. ಸಂಶಯ ಬಂದ ಹ್ಯಾಂಡಲನ್ನು ಮತ್ತಾರೂ ಎತ್ತಿಕೊಂಡು ಬಳಸದಂತೆ ಗರಗಸದಿಂದ ಎರಡು ತುಂಡು ಮಾಡಿಯೇ ಕಸಕ್ಕೆ ಹಾಕಬೇಕು.