ಕಪ್ಪೆ ಈಜು, ಚಿಟ್ಟೆ ಈಜು

ಬೇಸಿಗೆ ಬಂತೆಂದರೆ ನಮ್ಮ ಗಟ್ಟು ಕಡೆಯ ಹುಡುಗರು ಬಾವಿಗೆ ಧುಮುಕುತ್ತಾರೆ. ಬೆಂಡು ಕಟ್ಟಿಕೊಂಡು ಕಲಿಯುವವರಿಗೆ ಮೊದಲು ಬರುವುದು ಕಪ್ಪೆಯ ಹಾಗೆ ಕಾಲು ಒದೆಯುವುದು. ಸ್ಪರ್ಧೆಯಲ್ಲಿ ಇದರ ಹೆಸರು ಬ್ರೆಸ್ಟ್‌ಸ್ಟ್ರೋಕ್. ಇದರ ನಿಯಮಕ್ಕೂ ಒಂದು ಇತಿಹಾಸವಿದೆ.

1908ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಈಜು ಒಕ್ಕೂಟ ಹುಟ್ಟಿತು. 1930ರ ದಶಕದಲ್ಲಿ ಕೆಲವರು ಕಪ್ಪೆ ಕಾಲಿನ ಜೊತೆ ಕೈಗಳನ್ನು ನೀರಿನ ಮೇಲಿಂದ ಬೀಸಿ ವೇಗ ಹೆಚ್ಚಿಸಿಕೊಂಡರು. ಕೊನೆಗೆ 1952ರಲ್ಲಿ ಒಕ್ಕೂಟ ಎರಡನ್ನೂ ಬೇರೆ ಮಾಡಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬಟರ್‌ಫ್ಲೈ, ಅಂದರೆ ಚಿಟ್ಟೆ ಈಜು, ಪ್ರತ್ಯೇಕ ಸ್ಪರ್ಧೆಯಾಯಿತು.

ಅಲ್ಲೇ ಜಪಾನಿನ ಮಸಾರು ಫುರುಕಾವಾ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಬಹುಭಾಗವನ್ನು ನೀರಿನೊಳಗೇ ಈಜಿ ಚಿನ್ನ ಗೆದ್ದರು. ಬಳಿಕ ಅದಕ್ಕೂ ನಿಷೇಧ ಬಂತು. ಈಗ ಆರಂಭ ಮತ್ತು ತಿರುವಿನಲ್ಲಿ ಮಾತ್ರ ಮುಳುಗಿ ಒಂದು ಬಾರಿ ಕೈ ಎಳೆಯಬಹುದು.

25 ವರ್ಷ ದಾಟಿದವರಿಗೆ ಮಾಸ್ಟರ್ಸ್ ಸ್ಪರ್ಧೆಗಳಿವೆ. ಅಲ್ಲಿ ಚಿಟ್ಟೆ ಈಜಿಗೆ ಕಪ್ಪೆ ಕಾಲು ಒದೆಯಲು ಇಂದಿಗೂ ಅನುಮತಿಯಿದೆ. ವಯಸ್ಸಾದವರಿಗೆ ಇದೊಂದು ಅನುಕೂಲ.

ಮಕ್ಕಳೇ, ಈಜುಕೊಳದಲ್ಲಿ ತೀರ್ಪುಗಾರರು ಇರುತ್ತಾರೆ, ಬಾವಿಯಲ್ಲಿ ಯಾರೂ ಇರುವುದಿಲ್ಲ. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯ ಕಟ್ಟಬೇಡಿ. ಉಸಿರು ಬಿಗಿಹಿಡಿದವನು ನೀರೊಳಗೇ ಎಚ್ಚರ ತಪ್ಪಬಹುದು. ದಡದಲ್ಲಿ ಈಜು ಬಲ್ಲ ದೊಡ್ಡವರಿದ್ದಾಗ ಮಾತ್ರ ನೀರಿಗಿಳಿಯಿರಿ.