ಬಟ್ಟೆಯ ಮೇಲಿನ ಲೆಕ್ಕ

ಈಚೆಗೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತಾನೇ ಕಟ್ಟಿದ ದಿನಚರಿ ಪುಸ್ತಕವನ್ನು ತಂದು ತೋರಿಸಿದಳು. ಅಜ್ಜಿಯ ಹಳೆಯ ಸೀರೆಯ ತುಂಡನ್ನು ರಟ್ಟಿಗೆ ಅಂಟಿಸಿ, ಬೆನ್ನಿಗೂ ಮೂಲೆಗಳಿಗೂ ಕಂದುಬಣ್ಣದ ರೆಕ್ಸಿನ್ ಹಾಕಿ, ಹಾಳೆಗಳನ್ನು ದಾರದಿಂದ ಹೊಲಿದಿದ್ದಳು. ಕೆಲಸ ಅಚ್ಚುಕಟ್ಟಾಗಿತ್ತು. “ಬಟ್ಟೆಯಲ್ಲಿ ಪುಸ್ತಕ ಮಾಡುವುದು ಈಗ ಹೊಸದಾಗಿ ಬಂದಿದೆ, ಸರ್” ಎಂದಳು. ಹೊಸದಲ್ಲಮ್ಮ ಎನ್ನಲು ಹೊರಟವನು ತಡೆದುಕೊಂಡೆ. ಒಂದು ಮಾತಿನಲ್ಲಿ ಮುಗಿಯುವ ಸಂಗತಿ ಅದಾಗಿರಲಿಲ್ಲ.

ನಮ್ಮ ನಾಡಿನಲ್ಲಿ ಬಟ್ಟೆ ಪುಸ್ತಕಕ್ಕೆ ಹೊದಿಕೆಯಾಗಿರಲಿಲ್ಲ, ಬಟ್ಟೆಯೇ ಪುಸ್ತಕವಾಗಿತ್ತು. ಅದರ ಹೆಸರು ಕಡತ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಕಣ್ಣಾರೆ ಕಂಡು, 1810ರಲ್ಲಿ ಅಚ್ಚಾದ ತಮ್ಮ ಇತಿಹಾಸದ ಮೊದಲ ಸಂಪುಟದಲ್ಲಿ ವಿವರವಾಗಿ ಬಣ್ಣಿಸಿದ್ದಾರೆ. 8 ಅಂಗುಲದಿಂದ 1 ಅಡಿಯವರೆಗೆ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿ. ಅದರ ಎರಡು ಮೈಗೂ ಅಂಟು ಮತ್ತು ಇದ್ದಲಿನ ಪುಡಿಯ ಲೇಪ. ಒಣಗಿದ ಮೇಲೆ ಕತ್ತರಿಸದೆ, ಒಂದೇ ಅಳತೆಯಲ್ಲಿ ಹಿಂದುಮುಂದಾಗಿ ಮಡಿಚುವುದು. ಉಳ್ಳವರ ಕಡತಕ್ಕೆ ಎರಡು ಕೊನೆಯಲ್ಲೂ ಬಣ್ಣ ಬಳಿದ ಮರದ ಹಲಗೆ, ಮೇಲೆ ರೇಷ್ಮೆಯದೋ ಹತ್ತಿಯದೋ ಚೀಲ. ಇಲ್ಲದವರ ಕಡತಕ್ಕೆ ಒಂದು ಹುರಿಯೇ ಸಾಕು. ಯಾವ ಬದಿಯಿಂದಾದರೂ ತೆರೆಯಬಹುದು. ಎಳೆದರೆ ಮತ್ತೆ ಉದ್ದನೆಯ ಪಟ್ಟಿ.

ಆ ಅಂಟು ಹುಣಿಸೆಬೀಜದ್ದು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿದ ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಸರಿಯಾಗುತ್ತದೆ. ನೇಯ್ಗೆಯ ಸಂದುಗಳನ್ನು ಅದು ತುಂಬುತ್ತದೆ, ಇದ್ದಲು ಕಪ್ಪು ಕೊಡುತ್ತದೆ. ಹೀಗೆ ಬಟ್ಟೆ ಮಡಿಚಬಹುದಾದ ಸ್ಲೇಟಾಯಿತು. ಬರೆಯುವುದು ಬಳಪದಿಂದ. ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ಒದಗಿದ ಆ ಮೆದುಗಲ್ಲಿನ ಚೂರೇ ಅಂಗಡಿಯ ಶೆಟ್ಟರಿಗೆ ಲೇಖನಿ. ತಪ್ಪಿದರೆ ಒರೆಸಿ ತಿದ್ದಬಹುದು. ಕಪ್ಪು ಮಾಸಿದರೆ ಮತ್ತೊಮ್ಮೆ ಲೇಪ ಕೊಡಬಹುದು.

ತಕರಾರು ಹುಟ್ಟಿದ್ದು ಈ ಒರೆಸುವಿಕೆಯಿಂದಲೇ. ಸರ್ಕಾರದ ಲೆಕ್ಕಗಳನ್ನು ಕಡತದಲ್ಲಿ ಬರೆಯಕೂಡದೆಂದು ಟಿಪ್ಪು ಸುಲ್ತಾನ್ ನಿಷೇಧಿಸಿದ. ಅವನ ಕಂದಾಯ ನಿಯಮಗಳನ್ನು ಕ್ರಿಸ್ಪ್ ಎಂಬವರು ಇಂಗ್ಲಿಷಿಗೆ ತಿರುಗಿಸಿ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದಾಗ ಒಂದು ತಮಾಷೆ ನಡೆಯಿತು. ಈ ವಸ್ತುವಿನ ಹೆಸರು ಬಂದಲ್ಲಿ ಅವರು ಊಹೆಯಿಂದ ತಾಳೆಗರಿ ಎಂದು ಬರೆದುಬಿಟ್ಟರು! ಕಂಟದಿಂದ ಕೊರೆದ ಗರಿಯ ಅಕ್ಷರವನ್ನು ಒರೆಸುವುದು ಹೇಗೆ? ನಿಷೇಧದ ಕಾರಣವೇ ಅನುವಾದದಲ್ಲಿ ಮಾಯವಾಯಿತು. ಈ ತಪ್ಪನ್ನು ತೋರಿಸಿಕೊಟ್ಟವರು ವಿಲ್ಕ್ಸ್.

ಅವರು ಕಡತದ ಪಕ್ಷ ವಹಿಸಿದ್ದು ಇನ್ನೂ ಗಮನಾರ್ಹ. ಅಳಿಸಲು ಬರುತ್ತದೆ, ಮೋಸಕ್ಕೆ ಎಡೆಯಿದೆ ಎಂಬುದನ್ನು ಒಪ್ಪುತ್ತಲೇ, ಕಲ್ಲು ತಾಮ್ರಗಳನ್ನು ಬಿಟ್ಟರೆ ಈ ದೇಶದಲ್ಲಿ ಇದಕ್ಕಿಂತ ಬಾಳಿಕೆಯ ಬರವಣಿಗೆ ಬೇರೆಯಿಲ್ಲವೆಂದರು. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಸಮೇತ ಬರೆದ ಸಾಲಪತ್ರವನ್ನು ವಿಚಾರಣೆಯಲ್ಲಿ ಪುರಾವೆಯಾಗಿ ಸ್ವೀಕರಿಸಿದ್ದನ್ನೂ ಅವರು ನೋಡಿದ್ದರು. ಬೆರಳಿನಿಂದ ಒರೆಸಬಹುದಾದ ಅಕ್ಷರವನ್ನು ನಂಬಿ ಹಣದ ತೀರ್ಪು! ಆ ನಂಬಿಕೆ ಬಟ್ಟೆಯ ಮೇಲಲ್ಲ, ಬರೆದವನ ಮೇಲೆ ಮತ್ತು ಸಾಕ್ಷಿ ಹಾಕಿದವರ ಮೇಲೆ ಇತ್ತೆಂದು ನನಗೆ ತೋರುತ್ತದೆ. ಹತ್ತಾರು ಜನ ಪರಸ್ಪರ ಬಲ್ಲ ಪೇಟೆಬೀದಿಯಲ್ಲಿ ಅದು ನಡೆಯುತ್ತದೆ. ದೂರದ ಪರಗಣೆಯ ಅಮಲ್ದಾರನನ್ನು ಮುಖ ನೋಡದೆ ಆಳಬೇಕಾದ ಸುಲ್ತಾನನಿಗೆ ಅದು ಸಾಲದು. ಇಬ್ಬರದೂ ಅವರವರ ಮಟ್ಟಿಗೆ ಸರಿ.

ಆದರೆ ನಷ್ಟವಾದದ್ದು ಇತಿಹಾಸಕ್ಕೆ. ಲೆಕ್ಕ ಚುಕ್ತಾ ಆದ ಮೇಲೆ ಒರೆಸಿ ಹೊಸ ಲೆಕ್ಕ ಬರೆಯುವುದೇ ವ್ಯಾಪಾರಿಗೆ ಅನುಕೂಲ. ನಿನ್ನೆಯ ರಾಗಿಯ ಧಾರಣೆ ಅವನಿಗೇಕೆ? ಒರೆಸಬಾರದೆಂಬ ಕಾರಣವಿದ್ದ ಕಡೆ ಮಾತ್ರ ಕಡತಗಳು ಉಳಿದವು. ಶೃಂಗೇರಿಯ ಮಠದಲ್ಲಿ ಅವು ರಾಶಿಯಾಗಿ ಉಳಿದು ಈಚಿನ ವಿದ್ವಾಂಸರ ಅಧ್ಯಯನಕ್ಕೆ ಒದಗಿವೆ. ಮಠಕ್ಕೆ ಭೂಮಿಯಿತ್ತು, ಹಕ್ಕುಗಳಿದ್ದವು. ಹಳೆಯ ಬರಹ ನಾಳೆ ಬೇಕಾಗುತ್ತಿತ್ತು. ಚಿಲ್ಲರೆ ಅಂಗಡಿಗೆ ಅಂಥ ನಾಳೆ ಇರಲಿಲ್ಲ.

ಇನ್ನು ವಿದ್ಯಾರ್ಥಿನಿಯ ಬಟ್ಟೆ ಮತ್ತು ರೆಕ್ಸಿನ್. 1820ರ ದಶಕದಲ್ಲಿ ಲಂಡನ್ನಿನ ಬೈಂಡರುಗಳು ದುಬಾರಿ ತೊಗಲಿನ ಬದಲು ಪುಸ್ತಕಗಳಿಗೆ ಹತ್ತಿಬಟ್ಟೆ ಹೊದಿಸತೊಡಗಿದರು. ಅಂಟು ಒಸರಿ ಹೊರಬರದಂತೆ ಅವರೂ ನೇಯ್ಗೆಯ ಸಂದುಗಳಿಗೆ ಗಂಜಿ ತುಂಬಿದರು. ಹುಣಿಸೆಬೀಜ ಮಾಡುತ್ತಿದ್ದ ಕೆಲಸವೇ ಅದು. ಆ ಬಟ್ಟೆಯ ಹೆಸರು ಕ್ಯಾಲಿಕೊ. ಅದು ನಮ್ಮ ನೆರೆಯ ಕಲ್ಲಿಕೋಟೆಯಿಂದ ಹುಟ್ಟಿದ ಮಾತು. ಮುಂದೆ ಗಂಜಿಯ ಬದಲು, ಸಿಡಿಮದ್ದಿಗೂ ಬಳಕೆಯಾಗುವ ನೈಟ್ರೋಸೆಲ್ಯುಲೋಸನ್ನು ಕರ್ಪೂರದ ಎಣ್ಣೆಯೊಡನೆ ಬಟ್ಟೆಗೆ ಲೇಪಿಸಿ, ತೊಗಲಿನ ಗೆರೆಗಳನ್ನು ಒತ್ತಿದರು. ಮ್ಯಾಂಚೆಸ್ಟರಿನ ಹತ್ತಿರದ ಕಂಪನಿಯೊಂದು ಅದಕ್ಕೆ ಇಟ್ಟ ವ್ಯಾಪಾರದ ಹೆಸರು ರೆಕ್ಸಿನ್. ನಮ್ಮಲ್ಲಿ ಅದು ಎಲ್ಲ ಕೃತಕ ತೊಗಲಿಗೂ ಅಂಟಿಕೊಂಡಿತು.

ಹೆಸರುಗಳಿಗೆ ಆಯುಷ್ಯ ಹೆಚ್ಚು. ಕಲ್ಯಾಣದ ಚಾಳುಕ್ಯರ ಕಾಲದ ಶಾಸನಗಳಲ್ಲಿ ಕಡಿತವೆರ್ಗಡೆ ಎಂಬ ಅಧಿಕಾರಿ ಬರುತ್ತಾನೆ. ಇಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಕನ್ನಡದ ಮಾತು ಕಡತವೇ. ಬಟ್ಟೆ ಹೋಯಿತು, ಇದ್ದಲು ಹೋಯಿತು, ಕಾಗದವೂ ಹೋಗುತ್ತಿದೆ. ಗುಮಾಸ್ತರು ಮಾತ್ರ ಕಡತ ಮಂಡಿಸುತ್ತಲೇ ಇದ್ದಾರೆ.

ಇದಿಷ್ಟನ್ನೂ ಕೇಳಿದ ಹುಡುಗಿ ಸುಮ್ಮನಿರಲಿಲ್ಲ. ಮನೆಯಲ್ಲಿ ಹುಣಿಸೆಬೀಜ ಹುರಿದು, ಬೀಸಿ, ಎರಡು ಅಡಿಯ ಪಟ್ಟಿಗೆ ಲೇಪ ಹಚ್ಚಿದಳಂತೆ. ಮಡಿಚಿದ ಕಡೆಯಲ್ಲೆಲ್ಲ ಕಪ್ಪು ಬಿರಿದು ಉದುರಿತಂತೆ. ದಪ್ಪವಾಗಿ ಒಂದೇ ಸಲ ಹಚ್ಚಿದೆಯಾ ಎಂದು ಕೇಳಿದೆ. ಹೌದು ಎಂದಳು. ಈಗ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಚ್ಚುತ್ತಿದ್ದಾಳೆ.